ಮರದಿಂದ ಬರುವ ಕೊಬ್ಬಿನಾಮ್ಲ: ಪೂರೈಕೆ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ

ಟಾಲ್ ಆಯಿಲ್ ಕೊಬ್ಬಿನಾಮ್ಲ ಮಾರುವವರ ಕೈ ಕಟ್ಟಿಹಾಕುವ ಸಂಗತಿ ಒಂದೇ. ಬೇಡಿಕೆ ಎಷ್ಟೇ ಬಂದರೂ ಉತ್ಪಾದನೆ ಏರಿಸಲು ಬರುವುದಿಲ್ಲ. ಪೈನ್ ಜಾತಿಯ ಮರದ ಚಕ್ಕೆಗಳನ್ನು ಕ್ರಾಫ್ಟ್ ವಿಧಾನದಲ್ಲಿ, ಅಂದರೆ ಕ್ಷಾರದ ದ್ರಾವಣದಲ್ಲಿ, ಬೇಯಿಸಿ ಕಾಗದದ ಪಲ್ಪ್ ಮಾಡುವಾಗ, ಮರದೊಳಗಿನ ಕೊಬ್ಬು ಮತ್ತು ರಾಳ ಕ್ಷಾರದ ಜೊತೆ ಸೇರಿ ಸೋಪಾಗುತ್ತವೆ. ಆ ಸೋಪಿಗೆ ಆಸಿಡ್ ಹಾಕಿದರೆ ಕಚ್ಚಾ ಟಾಲ್ ಆಯಿಲ್. ಅದನ್ನು ವ್ಯಾಕ್ಯೂಮ್‌ನಲ್ಲಿ ಬಟ್ಟಿ ಇಳಿಸಿದರೆ ಕೊಬ್ಬಿನಾಮ್ಲ, ರೋಸಿನ್ (ರಾಳದ ಆಮ್ಲ), ಪಿಚ್ (ತಳದಲ್ಲಿ ಉಳಿಯುವ ಕಪ್ಪು ಜಿಗುಟು) ಬೇರೆಬೇರೆಯಾಗಿ ಸಿಗುತ್ತವೆ. ಒಂದು ಟನ್ ಪಲ್ಪ್‌ಗೆ ಸಾಮಾನ್ಯವಾಗಿ 30ರಿಂದ 50 ಕೆಜಿ ಕಚ್ಚಾ ಎಣ್ಣೆ ಬರುತ್ತದೆ. ಅದರಲ್ಲಿ ಕೊಬ್ಬಿನಾಮ್ಲವಾಗಿ ಕೈಗೆ ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಇಡೀ ಜಗತ್ತಿನ ಕಚ್ಚಾ ಟಾಲ್ ಆಯಿಲ್ ಸೇರಿಸಿದರೂ ವರ್ಷಕ್ಕೆ 20 ಲಕ್ಷ ಟನ್ ಆಸುಪಾಸು. ಸೋಪಿಗಾಗಿ ಯಾರೂ ಪಲ್ಪ್ ಮಿಲ್ ನಡೆಸುವುದಿಲ್ಲ.

ಆದ್ದರಿಂದ ಪೂರೈಕೆದಾರರಿಗೆ ಉಳಿಯುವ ದಾರಿ, ಇರುವ ಎಣ್ಣೆ ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂದು ಹಿಡಿಯುವುದು. ಬಟ್ಟಿ ಕಾಲಂ ದೊಡ್ಡದು ಮಾಡುವ ಯೋಚನೆಗೆ ಮೊದಲು ಮಿಲ್ಲಿನ ಚಿಪ್ ರಾಶಿಯನ್ನೂ ಸೋಪು ತೊಟ್ಟಿಯನ್ನೂ ಹೋಗಿ ನೋಡಿ. ಅಲ್ಲಿ ಕಳೆದದ್ದನ್ನು ಮುಂದೆ ಯಾವ ಯಂತ್ರವೂ ಮರಳಿ ಕೊಡುವುದಿಲ್ಲ.

ಮಿಲ್ಲಿನ ಅಂಗಳದಲ್ಲಿ ಆಗುವ ನಷ್ಟ

ಮರ ಕಡಿದ ಕ್ಷಣದಿಂದಲೇ ಅದರೊಳಗಿನ ಕೊಬ್ಬು ಒಡೆಯಲು, ಗಾಳಿಗೆ ಉತ್ಕರ್ಷಣಗೊಳ್ಳಲು ಶುರುವಾಗುತ್ತದೆ. ದಿಮ್ಮಿಯಾಗಿದ್ದರೆ ಇದು ನಿಧಾನ. ಚಿಪ್ ಮಾಡಿ ಬಯಲಲ್ಲಿ ರಾಶಿ ಹಾಕಿದರೆ ವೇಗ ಹಲವು ಪಟ್ಟು ಹೆಚ್ಚುತ್ತದೆ. ರಾಶಿಯ ಒಳಗೆ ಶಾಖ ಕಟ್ಟಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬಿಸಿ ಹವೆಯಲ್ಲಿ ಮೊದಲ ಕೆಲವು ವಾರಗಳ ನಷ್ಟವೇ ಅತಿ ಹೆಚ್ಚು. ಒಂದೆರಡು ತಿಂಗಳು ಹಾಗೇ ಬಿಟ್ಟರೆ ಟಾಲ್ ಆಯಿಲ್ ಇಳುವರಿ ಅರ್ಧದವರೆಗೂ ಕುಸಿಯಬಹುದು. ಕಳೆದುಹೋಗುವುದರಲ್ಲಿ ಹೆಚ್ಚಿನದು ಬೇಗ ಕೆಡುವ ಲಿನೋಲೆಯಿಕ್‌ನಂಥ ಅಪರ್ಯಾಪ್ತ ಆಮ್ಲ. ಅಂದರೆ ನಿಮ್ಮ ಗ್ರಾಹಕರು ಹಣ ಕೊಡುವುದೇ ಯಾವುದಕ್ಕೋ ಅದು. ಹಳೆಯ ಚಿಪ್ ಮೊದಲು ಬಳಸುವ ಶಿಸ್ತು, ಪೈನ್ ಚಿಪ್‌ಗೆ ಚಿಕ್ಕ ರಾಶಿ, ದಾಸ್ತಾನು ಬೇಕೇಬೇಕೆಂದರೆ ಅದನ್ನು ದಿಮ್ಮಿಯಾಗಿಯೇ ಇಡುವುದು: ಈ ಮೂರನ್ನು ಮಿಲ್ಲಿನವರ ಜೊತೆ ಕೂತು ಒಪ್ಪಿಸಬೇಕು.

ಎರಡನೇ ನಷ್ಟ ಸ್ಕಿಮ್ಮರ್ ತೊಟ್ಟಿಯಲ್ಲಿ, ಅಂದರೆ ತೇಲಿದ ಸೋಪನ್ನು ಮೇಲಿಂದ ತೆಗೆಯುವಲ್ಲಿ. ಬ್ಲ್ಯಾಕ್ ಲಿಕ್ಕರ್‌ನಲ್ಲಿ (ಮರ ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರವ) ಸೋಪು ಅತಿ ಕಡಿಮೆ ಕರಗುವುದು ಘನಾಂಶ ಸುಮಾರು 25ರಿಂದ 30 ಶೇಕಡಾ ಇದ್ದಾಗ. ನೀರನ್ನು ಆವಿ ಮಾಡಿ ಲಿಕ್ಕರ್ ಗಟ್ಟಿಗೊಳಿಸುವ ಎವಾಪರೇಟರ್ ಸಾಲಿನಲ್ಲಿ ಆ ಹಂತದ ಲಿಕ್ಕರ್ ಎಲ್ಲಿ ಸಿಗುತ್ತದೋ ಅಲ್ಲೇ ಸ್ಕಿಮ್ಮರ್ ಇರಬೇಕು. ಲಿಕ್ಕರ್ ತೊಟ್ಟಿಯಲ್ಲಿ ಕದಡದೆ ಕೆಲವು ಗಂಟೆ ನಿಂತರೆ ಸೋಪು ಮೇಲೆ ತೇಲಿ ಬರುತ್ತದೆ. ಒಳಹರಿವಿನ ಪೈಪು ಸೋಪಿನ ಪದರಕ್ಕೇ ನುಗ್ಗುವಂತಿದ್ದರೆ, ಅಥವಾ ಹೊರಹೋಗುವ ಬಾಯಿ ತೀರಾ ಹತ್ತಿರವಿದ್ದರೆ ಲಿಕ್ಕರ್ ಅಡ್ಡದಾರಿ ಹಿಡಿದು ಸೋಪನ್ನೂ ಎಳೆದುಕೊಂಡು ಹೋಗುತ್ತದೆ. ಸ್ಕಿಮ್ಮರ್‌ಗೆ ಹೋಗುವ ಮತ್ತು ಹೊರಬರುವ ಲಿಕ್ಕರ್ ಎರಡರಲ್ಲೂ ಉಳಿಕೆ ಸೋಪು ಎಷ್ಟಿದೆ ಎಂದು ವಾರಕ್ಕೊಮ್ಮೆ ಅಳೆಸಿ. ಆ ಒಂದು ಅಂಕಿಯಷ್ಟು ಉಪಯುಕ್ತ ಮಾಹಿತಿ ಇಡೀ ಮಿಲ್ಲಿನಲ್ಲಿ ನಿಮಗೆ ಇನ್ನೊಂದಿಲ್ಲ.

ಮಿಲ್ಲಿನವರು ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಸೋಪಿನ ವರಮಾನ ಅವರ ಲೆಕ್ಕದಲ್ಲಿ ತೀರಾ ಸಣ್ಣದು. ಬೆಲೆಯ ಮಾತಾಡಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಲಿಕ್ಕರ್ ಸುಟ್ಟು ಹಬೆಯನ್ನೂ ರಾಸಾಯನಿಕವನ್ನೂ ಮರಳಿ ಪಡೆಯುವ ರಿಕವರಿ ಬಾಯ್ಲರ್‌ನ ಮಾತಾಡಿ. ಲಿಕ್ಕರ್‌ನಲ್ಲಿ ಉಳಿದ ಸೋಪು ಎವಾಪರೇಟರ್‌ನಲ್ಲಿ ನೊರೆ ಎಬ್ಬಿಸುತ್ತದೆ, ಕೊಳವೆಗಳಿಗೆ ಅಂಟುತ್ತದೆ, ಬಾಯ್ಲರ್‌ಗೆ ಹೋದರೆ ತನ್ನ ಹೆಚ್ಚಿನ ಶಾಖದಿಂದ ಅದರ ಸಾಮರ್ಥ್ಯ ತಿನ್ನುತ್ತದೆ. ಬಾಯ್ಲರ್ ಮಿತಿಯಿಂದಾಗಿ ಪಲ್ಪ್ ಉತ್ಪಾದನೆ ನಿಂತಿರುವ ಮಿಲ್ಲಿನಲ್ಲಿ ಸೋಪು ಚೆನ್ನಾಗಿ ತೆಗೆದರೆ ಪಲ್ಪ್ ಹೆಚ್ಚು ಮಾಡಬಹುದು. ಈ ವಾದಕ್ಕೆ ಮಿಲ್ ಮ್ಯಾನೇಜರ್ ಕಿವಿಗೊಡುತ್ತಾರೆ.

ಬರ್ಚ್‌ನಂಥ ಅಗಲೆಲೆ ಮರವನ್ನೂ ಅದೇ ಸಾಲಿನಲ್ಲಿ ಬೇಯಿಸುವ ಮಿಲ್ಲುಗಳಿದ್ದರೆ ಎಚ್ಚರ ಬೇಕು. ಬರ್ಚ್‌ನಲ್ಲಿ ರೋಸಿನ್ ಆಮ್ಲವೇ ಇಲ್ಲ, ಬೆಟ್ಯುಲಿನಾಲ್‌ನಂಥ ತಟಸ್ಥ ವಸ್ತು ಹೆಚ್ಚು. ಸೋಪು ಸರಿಯಾಗಿ ಬೇರ್ಪಡುವುದಿಲ್ಲ, ಬಂದ ಎಣ್ಣೆಯ ಆಸಿಡ್ ನಂಬರ್ (ಎಣ್ಣೆಯಲ್ಲಿ ಆಮ್ಲ ಎಷ್ಟಿದೆ ಎಂಬ ಅಳತೆ) ಕೆಳಗಿರುತ್ತದೆ. ಯಾವ ವಾರ ಯಾವ ಮರ ಎಂಬ ವೇಳಾಪಟ್ಟಿಯನ್ನು ಮಿಲ್ಲಿನಿಂದ ಮೊದಲೇ ತರಿಸಿಕೊಳ್ಳಿ.

ಸೋಪಿನಿಂದ ಎಣ್ಣೆಗೆ

ಆಸಿಡುಲೇಶನ್ (ಸೋಪಿಗೆ ಆಸಿಡ್ ಹಾಕಿ ಎಣ್ಣೆ ಮಾಡುವುದು) ಮಿಲ್ಲಿನಲ್ಲೇ ಆಗಲಿ, ನಿಮ್ಮಲ್ಲೇ ಆಗಲಿ, ಬ್ಯಾಚ್ ಕೆಡುವುದು ಬಹುತೇಕ ಸೋಪಿನ ಜೊತೆ ಬಂದ ಬ್ಲ್ಯಾಕ್ ಲಿಕ್ಕರ್‌ನಿಂದ. ಅದರಲ್ಲಿ ಲಿಗ್ನಿನ್ (ಮರದ ನಾರನ್ನು ಹಿಡಿದಿಡುವ ವಸ್ತು), ನಾರು, ಕ್ಯಾಲ್ಸಿಯಂ, ಸಲ್ಫೈಡ್ ನಾಲ್ಕೂ ಇರುತ್ತವೆ. ಸೋಪು ಟ್ಯಾಂಕನ್ನು ಕನಿಷ್ಠ ಒಂದು ದಿನ ಸುಮ್ಮನೆ ಬಿಟ್ಟು, ಕೆಳಗಿಳಿದ ಲಿಕ್ಕರ್ ಬಸಿದು ಆಮೇಲೆ ಆಸಿಡ್‌ಗೆ ಕೊಡಿ. ಅವಸರಕ್ಕೆ ಈ ಹಂತ ಬಿಟ್ಟವರು ಮುಂದೆ ಅದರ ಎರಡರಷ್ಟು ಸಮಯ ಪದರ ಬೇರ್ಪಡಲು ಕಾಯುತ್ತಾರೆ.

ಬ್ಯಾಚ್ ರಿಯಾಕ್ಟರ್‌ನಲ್ಲಿ ಕ್ರಮ ಹೀಗಿರಲಿ:

1. ಆಸಿಡ್ ಹಾಕುವ ಮೊದಲೇ ಗಾಳಿ ಎಳೆಯುವ ಫ್ಯಾನ್, ಕಾಸ್ಟಿಕ್ ಸ್ಕ್ರಬ್ಬರ್ ಎರಡೂ ಓಡುತ್ತಿರಬೇಕು. ಸೋಪಿನ ಜೊತೆ ಬಂದ ಸಲ್ಫೈಡ್‌ಗೆ ಆಸಿಡ್ ತಗುಲಿದ ಕೂಡಲೇ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಗಾಳಿಯಲ್ಲಿ 100 ಪಿಪಿಎಂ ಮುಟ್ಟಿದರೆ ಜೀವಕ್ಕೇ ಅಪಾಯ. ಅಷ್ಟರಲ್ಲಿ ಮೂಗು ವಾಸನೆ ಹಿಡಿಯುವುದನ್ನೂ ನಿಲ್ಲಿಸಿರುತ್ತದೆ. ವಾಸನೆ ಹೋಯಿತೆಂದು ಹತ್ತಿರ ಹೋಗುವುದು ಸಾವಿನ ದಾರಿ. ಅಳೆಯುವ ಮೀಟರ್ ಪ್ರತಿಯೊಬ್ಬರ ಮೈಮೇಲಿರಬೇಕು.

2. ಸೋಪನ್ನು ನೀರು ಅಥವಾ ಹಿಂದಿನ ಬ್ಯಾಚಿನ ಆಮ್ಲೀಯ ನೀರಿನೊಂದಿಗೆ ಕಲಸಿ, ಹಬೆಯಿಂದ 95ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ.

3. ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಸಿಡ್ ನಿಧಾನವಾಗಿ ಬಿಡಿ. ಮೊದಲರ್ಧದಲ್ಲಿ ಕಾರ್ಬನ್ ಡೈಆಕ್ಸೈಡ್ ನೊರೆ ಜೋರು. ಅದಕ್ಕೆಂದೇ ರಿಯಾಕ್ಟರ್‌ನಲ್ಲಿ ಮೇಲ್ಗಡೆ ಸಾಕಷ್ಟು ಜಾಗ ಖಾಲಿ ಇರಲಿ. ಒಟ್ಟು ಖರ್ಚಾಗುವ ಆಸಿಡ್, ಒಂದು ಟನ್ ಎಣ್ಣೆಗೆ 200ರಿಂದ 350 ಕೆಜಿ ನಡುವೆ. ಮೇಲಿನ ಅಂಕಿಗೆ ಹೋಗುತ್ತಿದ್ದರೆ ಸೋಪಿನಲ್ಲಿ ಲಿಕ್ಕರ್ ಹೆಚ್ಚಿದೆ ಎಂದರ್ಥ.

4. ಪಿಎಚ್ 3ರಿಂದ 4ರ ನಡುವೆ ನಿಲ್ಲಿಸಿ. 4.5ಕ್ಕಿಂತ ಮೇಲೆ ಬಿಟ್ಟರೆ ಸ್ವಲ್ಪ ಸೋಪು ಹಾಗೇ ಉಳಿದು ಎಮಲ್ಷನ್ ಕಟ್ಟುತ್ತದೆ, ಸೋಡಿಯಂ ಎಣ್ಣೆಯಲ್ಲಿ ಉಳಿದು ಬಟ್ಟಿ ಕಾಲಂನಲ್ಲಿ ನೊರೆಯಾಗುತ್ತದೆ, ಪಿಚ್‌ನಲ್ಲಿ ಬೂದಿಯಾಗುತ್ತದೆ. ತೀರಾ ಕೆಳಗೆ ಹೋದರೆ ಉಳಿದ ಖನಿಜ ಆಸಿಡ್ ಟ್ಯಾಂಕು ತಿನ್ನುತ್ತದೆ, ಎಣ್ಣೆಯಲ್ಲಿ ಎಸ್ಟರ್ ಕಟ್ಟುವುದಕ್ಕೂ ದಾರಿ ಮಾಡುತ್ತದೆ.

5. ನಿಲ್ಲಲು ಬಿಡಿ. ಮೇಲೆ ಎಣ್ಣೆ, ನಡುವೆ ಲಿಗ್ನಿನ್‌ನ ಕಂದು ಪದರ, ಕೆಳಗೆ ಸೋಡಿಯಂ ಸಲ್ಫೇಟ್ ನೀರು, ತಳದಲ್ಲಿ ಜಿಪ್ಸಮ್ ಮತ್ತು ನಾರು. ನಡುವಿನ ಪದರದಲ್ಲಿ ಎಣ್ಣೆ ಸಿಕ್ಕಿಕೊಂಡಿರುತ್ತದೆ. ಅದನ್ನು ಎಸೆಯದೆ ಮುಂದಿನ ಬ್ಯಾಚಿಗೆ ಸೇರಿಸಿ ಅಥವಾ ಸೆಂಟ್ರಿಫ್ಯೂಜ್‌ಗೆ ಕೊಡಿ.

6. ಎಣ್ಣೆಯನ್ನು ಒಣಗಿಸಿ ನೀರಿನಂಶ 1.5 ಶೇಕಡಾಕ್ಕಿಂತ ಕೆಳಗೆ ತನ್ನಿ.

ಕೆಳಗಿನ ನೀರು ಮಿಲ್ಲಿನ ಲಿಕ್ಕರ್ ಚಕ್ರಕ್ಕೇ ಮರಳುತ್ತದೆ, ಜೊತೆಗೆ ಗಂಧಕವೂ. ಮಿಲ್ಲಿನಲ್ಲಿ ಸೋಡಿಯಂ–ಗಂಧಕದ ಸಮತೋಲ ಬಿಗಿಯಾಗಿದ್ದರೆ ನಿಮ್ಮ ಆಸಿಡ್ ಅವರಿಗೆ ಹೊರೆ. ಕ್ಲೋರಿನ್ ಡೈಆಕ್ಸೈಡ್ ಘಟಕದ ತ್ಯಾಜ್ಯ ಆಸಿಡ್ ಬಳಸುವುದು, ಅಥವಾ ಮೊದಲ ಹಂತಕ್ಕೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಆಮೇಲೆ ಉಳಿದಷ್ಟಕ್ಕೆ ಮಾತ್ರ ಸಲ್ಫ್ಯೂರಿಕ್ ಬಳಸುವುದು ಈ ಹೊರೆ ಇಳಿಸುವ ದಾರಿಗಳು.

ಟ್ಯಾಂಕರ್ ಬಂದಾಗ ಅಳೆಯಬೇಕಾದ್ದು

ಕಚ್ಚಾ ಎಣ್ಣೆ ದಾರಿಯಲ್ಲಿ ಪದರ ಕಟ್ಟಿರುತ್ತದೆ: ನೀರು, ಲಿಗ್ನಿನ್ ಕೆಳಗೆ, ತಣ್ಣಗಾಗಿದ್ದರೆ ರೋಸಿನ್ ಹರಳು ಕೂಡ. ಮೇಲಿನಿಂದ ಒಂದೇ ಮಾದರಿ ತೆಗೆದರೆ ಯಾವಾಗಲೂ ಒಳ್ಳೆಯ ಫಲಿತಾಂಶವೇ ಬರುತ್ತದೆ, ನಷ್ಟ ನಿಮ್ಮದಾಗುತ್ತದೆ. 50–60 ಡಿಗ್ರಿಗೆ ಬಿಸಿ ಮಾಡಿ, ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ಮಾದರಿ ತೆಗೆದು ಬೆರೆಸಿ. ನೀರಿಗೆ ಕಾರ್ಲ್ ಫಿಶರ್ ಪರೀಕ್ಷೆ, ಘನ ಕಸಕ್ಕೆ ಸೆಂಟ್ರಿಫ್ಯೂಜ್, ಆಮೇಲೆ ಆಸಿಡ್ ನಂಬರ್.

ಆಸಿಡ್ ನಂಬರ್ ಎಂದರೆ ಒಂದು ಗ್ರಾಂ ಎಣ್ಣೆಯ ಆಮ್ಲವನ್ನು ತಟಸ್ಥಗೊಳಿಸಲು ಬೇಕಾಗುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಮಿಲಿಗ್ರಾಂಗಳಲ್ಲಿ. ಇದರಿಂದ ಲೋಡಿನ ನಿಜವಾದ ಬೆಲೆ ಲೆಕ್ಕ ಹಾಕಬಹುದು. ಶುದ್ಧ ಓಲೆಯಿಕ್ ಆಮ್ಲಕ್ಕೆ ಇದು ಸುಮಾರು 199, ಶುದ್ಧ ರೋಸಿನ್ ಆಮ್ಲಕ್ಕೆ ಸುಮಾರು 186. ಎರಡರ ನಡುವಿನ 192.5 ಹಿಡಿದುಕೊಳ್ಳಿ. ಆಸಿಡ್ ನಂಬರ್ 150 ಇರುವ ಎಣ್ಣೆಯಲ್ಲಿ ಸ್ವತಂತ್ರ ಆಮ್ಲ 78 ಶೇಕಡಾ. 135 ಇರುವುದರಲ್ಲಿ 70 ಶೇಕಡಾ. ಸಾವಿರ ಟನ್‌ಗೆ 80 ಟನ್ ವ್ಯತ್ಯಾಸ, ಅದರಲ್ಲಿ ಹೆಚ್ಚಿನದು ಕೊನೆಗೆ ಪಿಚ್ ಆಗಿ ತಳಕ್ಕಿಳಿಯುತ್ತದೆ. ತೂಕಕ್ಕೆ ಮಾತ್ರ ಹಣ ಕೊಡುವ ಒಪ್ಪಂದ ಮಾಡಿಕೊಂಡವರು ಈ 80 ಟನ್‌ಗೂ ಆಮ್ಲದ ಬೆಲೆ ಕೊಟ್ಟಿರುತ್ತಾರೆ. ಬೆಲೆಯನ್ನು ಆಸಿಡ್ ನಂಬರಿಗೂ ನೀರಿನಂಶಕ್ಕೂ ಕಟ್ಟಿಹಾಕುವ ಷರತ್ತು ಒಪ್ಪಂದದಲ್ಲಿ ಬರಲೇಬೇಕು.

ಒಂದು ಮಾತು: ಮಿಲ್ಲಿನಿಂದ ಹೊರಟಾಗ ಇದ್ದ ಆಸಿಡ್ ನಂಬರ್ ನಿಮ್ಮ ಟ್ಯಾಂಕಿನಲ್ಲಿ ಕುಸಿಯುತ್ತಿದ್ದರೆ ಅದು ಮಿಲ್ಲಿನ ತಪ್ಪಲ್ಲ. ಬಿಸಿಯಲ್ಲಿ ಬಹಳ ದಿನ ಇಟ್ಟ ಎಣ್ಣೆಯಲ್ಲಿ ಕೊಬ್ಬಿನಾಮ್ಲ ಮತ್ತು ಸ್ಟೆರಾಲ್ ಸೇರಿ ಎಸ್ಟರ್ ಆಗುತ್ತವೆ. ಬೇಕಾದಷ್ಟೇ ಬಿಸಿ, ಬೇಗ ಬಳಕೆ.

ಕಾಲಂನಲ್ಲಿ

ಇಲ್ಲಿ ಯಂತ್ರ ತಯಾರಕರ ಕೈಪಿಡಿಯೇ ಸಾಕಷ್ಟು ಹೇಳುತ್ತದೆ. ಪೂರೈಕೆಯನ್ನು ಕೆಡಿಸುವ ಮೂರು ವಿಷಯ ಮಾತ್ರ ನೋಡೋಣ. ಮೊದಲನೆಯದು ಗಾಳಿ ಸೋರಿಕೆ. ಕೆಲವೇ ಮಿಲಿಬಾರ್ ಒತ್ತಡದಲ್ಲಿ, 250ರಿಂದ 280 ಡಿಗ್ರಿಯಲ್ಲಿ ಓಡುವ ಕಾಲಂಗೆ ಸಣ್ಣ ಫ್ಲೇಂಜ್ ಸೋರಿಕೆ ಸಾಕು, ಬಣ್ಣ ಕೆಡುತ್ತದೆ. ಪ್ರತಿ ಶಟ್‌ಡೌನ್ ನಂತರ ವ್ಯಾಕ್ಯೂಮ್ ಎಳೆದು, ಪಂಪು ಮುಚ್ಚಿ, ಒತ್ತಡ ಎಷ್ಟು ಬೇಗ ಏರುತ್ತದೆ ಎಂದು ಬರೆದಿಡಿ. ಎರಡನೆಯದು ತಳದ ಬಿಸಿಯಲ್ಲಿ ಎಣ್ಣೆ ನಿಲ್ಲುವ ಸಮಯ. ಪಿಚ್ ಬೇರ್ಪಡಿಸುವ ಮೊದಲ ಹಂತ ತೆಳುಪದರದ ಎವಾಪರೇಟರ್‌ನಲ್ಲಾದರೆ ಕೊಬ್ಬಿನಾಮ್ಲದ ಎರಡು ಅಣು ಕೂಡಿ ಡೈಮರ್ ಆಗುವುದು, ರೋಸಿನ್ ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ತಟಸ್ಥ ಎಣ್ಣೆಯಾಗುವುದು ಕಡಿಮೆ. ಮೂರನೆಯದು ಲೋಹ. ಬಿಸಿ ಕೊಬ್ಬಿನಾಮ್ಲ ಸಾದಾ ಉಕ್ಕನ್ನೂ 304 ಸ್ಟೇನ್‌ಲೆಸ್ ಅನ್ನೂ ತಿನ್ನುತ್ತದೆ. ಮಾಲಿಬ್ಡಿನಂ ಇರುವ 316ಎಲ್ ಅಥವಾ 317ಎಲ್ ಬೇಕು. ಉತ್ಪನ್ನದಲ್ಲಿ ಕಬ್ಬಿಣದ ಪ್ರಮಾಣ ಏರುತ್ತಿದ್ದರೆ ಯಾವುದೋ ಕೊಳವೆ ತೆಳುವಾಗುತ್ತಿದೆ ಎಂದೇ ತಿಳಿಯಿರಿ.

ಇಂಧನದವರ ಜೊತೆ ಪೈಪೋಟಿ

ಕಚ್ಚಾ ಟಾಲ್ ಆಯಿಲ್‌ನಿಂದ ಡೀಸೆಲ್ ಮಾಡಬಹುದು ಎಂಬುದು ಈ ವ್ಯಾಪಾರದ ಲೆಕ್ಕವನ್ನೇ ಬದಲಿಸಿತು. ಸ್ವೀಡನ್‌ನ ಪಿಟಿಯೊದಲ್ಲಿ ಸನ್‌ಪೈನ್ ಘಟಕ 2010ರಲ್ಲಿ ಶುರುವಾಯಿತು. ಫಿನ್‌ಲ್ಯಾಂಡ್‌ನ ಲಪ್ಪೇನ್‌ರಾಂಟಾದಲ್ಲಿ ಯುಪಿಎಂ ಜೈವಿಕ ಇಂಧನ ಘಟಕ 2015ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಯುರೋಪಿಯನ್ ಒಕ್ಕೂಟದ 2018ರ ನವೀಕರಿಸಬಹುದಾದ ಇಂಧನ ನಿರ್ದೇಶನದ ಒಂಬತ್ತನೇ ಅನುಬಂಧದ ಎ ಭಾಗದಲ್ಲಿ ಟಾಲ್ ಆಯಿಲ್ ಪಿಚ್‌ನ ಹೆಸರೇ ಇದೆ. ಆ ಪಟ್ಟಿಯ ಕಚ್ಚಾವಸ್ತುವಿನಿಂದ ಬಂದ ಇಂಧನವನ್ನು ಸಾರಿಗೆ ಗುರಿಯ ಲೆಕ್ಕದಲ್ಲಿ ಎರಡು ಪಟ್ಟು ಎಣಿಸಲು ಅವಕಾಶ ಕೊಡಲಾಗಿತ್ತು. ಇಂಧನದವರಿಗೆ ಕಾನೂನಿನ ಬೆಂಬಲ ಸಿಗುತ್ತದೆ, ರಾಸಾಯನಿಕ ಮಾಡುವವರಿಗೆ ಅಂಥದ್ದೇನೂ ಇಲ್ಲ. ಅಮೆರಿಕದಲ್ಲಿ ಕಚ್ಚಾ ಟಾಲ್ ಆಯಿಲ್ ಬೆಲೆ ಏರಿದ ಹೊತ್ತಿನಲ್ಲೇ ಇಂಜೆವಿಟಿ ಕಂಪನಿ ಲೂಯಿಸಿಯಾನಾದ ಡಿರಿಡರ್ ಘಟಕ ಮುಚ್ಚುವುದಾಗಿ 2023ರಲ್ಲಿ ಪ್ರಕಟಿಸಿತು. ಅಣುವನ್ನು ಹಾಗೇ ಉಳಿಸಿಕೊಂಡು ಬಣ್ಣ, ಅಂಟು, ಲೂಬ್ರಿಕೆಂಟ್ ಮಾಡುವುದು ಸುಟ್ಟುಬಿಡುವುದಕ್ಕಿಂತ ಮೇಲು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆದರೆ ಒಪ್ಪಂದಕ್ಕೆ ಕೂತಾಗ ಅಭಿಪ್ರಾಯ ನಡೆಯುವುದಿಲ್ಲ.

ನಡೆಯುವುದು ಇವು. ಬೆಲೆ ಸೂತ್ರದಲ್ಲಿ ಇಂಧನ ಮಾರುಕಟ್ಟೆಯ ಸೂಚ್ಯಂಕಕ್ಕೆ ಒಂದು ಭಾಗ ಮಾತ್ರ ಕೊಡಿ, ಮೇಲಿನ ಮಿತಿಯನ್ನೂ ಕೆಳಗಿನ ಮಿತಿಯನ್ನೂ ಹಾಕಿ. ಕೆಳಗಿನ ಮಿತಿ ಇಲ್ಲದಿದ್ದರೆ ಮಿಲ್ಲಿನವರು ಬೆಲೆ ಕುಸಿದಾಗ ಸೋಪನ್ನು ಬಾಯ್ಲರಿಗೇ ಬಿಡುತ್ತಾರೆ. ಕಚ್ಚಾ ಎಣ್ಣೆಯ ಬದಲು ಸೋಪನ್ನೇ ಕೊಳ್ಳುವ ಆಯ್ಕೆ ಸಣ್ಣ ಮಿಲ್ಲುಗಳಿಗೆ ಕೊಡಿ. ಆಸಿಡುಲೇಶನ್ ಘಟಕ ಕಟ್ಟಲಾಗದೆ ಸೋಪು ಸುಡುವ ಮಿಲ್ಲುಗಳು ಹೀಗೆ ನಿಮ್ಮ ಕಡೆ ಬರುತ್ತವೆ. ಎಲ್ಲ ಎಣ್ಣೆಯೂ ಒಂದೇ ಪಲ್ಪ್ ಕಂಪನಿಯಿಂದ ಬೇಡ: ಪಲ್ಪ್ ಬೆಲೆ ಬಿದ್ದಾಗ ಅದರ ಮಿಲ್ಲುಗಳು ಒಟ್ಟೊಟ್ಟಿಗೆ ನಿಲ್ಲಬಹುದು. ವಾರ್ಷಿಕ ಶಟ್‌ಡೌನ್ ದಿನಾಂಕಗಳನ್ನು ವರ್ಷದ ಮೊದಲೇ ಬರೆಸಿಕೊಳ್ಳಿ, ಎರಡು ದೊಡ್ಡ ಮಿಲ್ಲುಗಳ ಶಟ್‌ಡೌನ್ ಒಂದೇ ತಿಂಗಳಲ್ಲಿ ಬಿದ್ದರೆ ಅದಕ್ಕೆ ಮೊದಲೇ ದಾಸ್ತಾನು ಕಟ್ಟಿ.

ಇನ್ನೊಂದು ತೊಡಕು ನಿಮ್ಮದೇ ಅಂಗಳದ್ದು. ಕೊಬ್ಬಿನಾಮ್ಲ, ರೋಸಿನ್, ಪಿಚ್ ಒಟ್ಟಿಗೇ ಹುಟ್ಟುತ್ತವೆ. ಪೆಟ್ರೋಲಿಯಂ ರಾಳ ಅಥವಾ ಗಮ್ ರೋಸಿನ್ (ಮರ ಗೀರಿ ಇಳಿಸಿದ ರಾಳದ್ದು) ಅಗ್ಗವಾಗಿ ನಿಮ್ಮ ರೋಸಿನ್ ಟ್ಯಾಂಕು ತುಂಬಿದರೆ, ಕೊಬ್ಬಿನಾಮ್ಲಕ್ಕೆ ಎಷ್ಟೇ ಬೇಡಿಕೆ ಇದ್ದರೂ ಕಾಲಂ ನಿಲ್ಲಿಸಬೇಕಾಗುತ್ತದೆ. ರೋಸಿನ್ ಮಾರಾಟದವರೂ ಕೊಬ್ಬಿನಾಮ್ಲ ಮಾರಾಟದವರೂ ಒಂದೇ ಯೋಜನೆಯ ಹಾಳೆ ನೋಡಿ ಮಾತು ಕೊಡಬೇಕು.

ಗ್ರಾಹಕರಿಗೆ ಯಾವ ಗ್ರೇಡ್

ಸರಕು ಕಡಿಮೆ ಇರುವಾಗ ಅತಿ ಶುದ್ಧ ಗ್ರೇಡನ್ನು ಅದು ಬೇಡದವರಿಗೆ ಕೊಡುವುದು ಶುದ್ಧ ನಷ್ಟ. ಅದಿರು ತೇಲಿಸುವ ಗಣಿಯವರಿಗೆ, ಎಣ್ಣೆ ಬಾವಿ ಕೊರೆಯುವಾಗ ಬಳಸುವ ಕೆಸರು ದ್ರವಕ್ಕೆ ಎಮಲ್ಸಿಫೈಯರ್ ಮಾಡುವವರಿಗೆ ಎಷ್ಟೋ ಸಲ ರೋಸಿನ್ ಜಾಸ್ತಿ ಇರುವ ಡಿಸ್ಟಿಲ್ಡ್ ಟಾಲ್ ಆಯಿಲ್ ಸಾಕು. ಆಲ್ಕಿಡ್ (ಎಣ್ಣೆ ಬಣ್ಣದ ರಾಳ) ಬಣ್ಣದವರಿಗೆ ರೋಸಿನ್ 2 ಶೇಕಡಾಕ್ಕಿಂತ ಕೆಳಗಿರಬೇಕು, ಆಮ್ಲದ ಬಣ್ಣ ಗಾರ್ಡ್ನರ್ ಮಾಪಕದಲ್ಲಿ 5ರ ಒಳಗೆ. ಡೈಮರ್ ಆಮ್ಲ ಮಾಡುವವರಿಗೆ ರೋಸಿನ್ 1 ಶೇಕಡಾದ ಒಳಗೆ ಬೇಕು, ಗಂಧಕ ಕಡಿಮೆ ಇರಬೇಕು. ಡೀಸೆಲ್‌ಗೆ ಜಾರುಗುಣ ಕೊಡುವ ಸೇರ್ಪಡೆ ಮಾಡುವವರು ಚಳಿಯಲ್ಲಿ ಹರಳುಗಟ್ಟದಿರುವುದನ್ನೇ ಮೊದಲು ಕೇಳುತ್ತಾರೆ. ಅವರಿಗೆ ಪಾಲ್ಮಿಟಿಕ್‌ನಂಥ ಪರ್ಯಾಪ್ತ ಆಮ್ಲ ಕನಿಷ್ಠವಿರಬೇಕು. ಅಂದರೆ ಕಾಲಂನ ಮೇಲ್ತುದಿಯ ಹಗುರ ಭಾಗವನ್ನು ಬಿಗಿಯಾಗಿ ಕತ್ತರಿಸಬೇಕು.

ಮೂಲ ಬದಲಾದರೆ ಗ್ರಾಹಕರಿಗೆ ಮೊದಲೇ ಹೇಳಿ. ಉತ್ತರ ಯುರೋಪಿನ ಪೈನ್‌ನಿಂದ ಬಂದ ಆಮ್ಲದಲ್ಲಿ ಪೈನೊಲೆನಿಕ್ ಆಮ್ಲವೂ ಇರುವುದರಿಂದ ಅಯೋಡಿನ್ ವ್ಯಾಲ್ಯೂ (ಆಮ್ಲ ಎಷ್ಟು ಅಪರ್ಯಾಪ್ತ ಎಂಬ ಅಳತೆ) 150ರ ಆಚೆ ಹೋಗುತ್ತದೆ. ಅಮೆರಿಕದ ದಕ್ಷಿಣದ ಪೈನ್‌ನದು 130ರ ಹತ್ತಿರ. ಎರಡೂ ಕೊಬ್ಬಿನಾಮ್ಲವೇ, ಎರಡೂ ನಿಮ್ಮ ಸಾಮಾನ್ಯ ಪ್ರಮಾಣಪತ್ರ ಪಾಸಾಗಬಹುದು, ಆದರೆ ಆಲ್ಕಿಡ್ ಕೆಟಲ್‌ನಲ್ಲಿ ಒಂದೇ ರೀತಿ ನಡೆಯುವುದಿಲ್ಲ. ಪ್ರಮಾಣಪತ್ರದಲ್ಲಿ ಆಸಿಡ್ ನಂಬರ್, ಬಣ್ಣ ಮಾತ್ರ ಸಾಲದು. ಎಎಸ್‌ಟಿಎಂ ಪರೀಕ್ಷಾ ಮಾನದಂಡ ಡಿ5974ರ ಗ್ಯಾಸ್ ಕ್ರೊಮ್ಯಾಟೊಗ್ರಫಿ ಫಲಿತಾಂಶ, ಡಿ5768ರ ಅಯೋಡಿನ್ ವ್ಯಾಲ್ಯೂ ಎರಡನ್ನೂ ಹಾಕಿ.

ಸೋಯಾ, ಸೂರ್ಯಕಾಂತಿ, ರೇಪ್‌ಸೀಡ್ ಕೊಬ್ಬಿನಾಮ್ಲಗಳು ಬದಲಿಯಾಗಿ ಬರುತ್ತವೆ. ಕೊರತೆಯಲ್ಲಿ ಬೆರೆಸಿ ಕೊಡುವುದಾದರೆ ಗ್ರಾಹಕರ ಲಿಖಿತ ಒಪ್ಪಿಗೆ ಬೇಕೇಬೇಕು. ಬೆರಕೆಯಾದ ಕೂಡಲೇ ಅದು ಟಾಲ್ ಆಯಿಲ್ ಕೊಬ್ಬಿನಾಮ್ಲ ಎಂಬ ಹೆಸರಿಗೂ, 3823 13 ಎಂಬ ಕಸ್ಟಮ್ಸ್ ಸಂಖ್ಯೆಗೂ, ಅದರ ಸಿಎಎಸ್ (ರಾಸಾಯನಿಕಗಳ ನೋಂದಣಿ) ಸಂಖ್ಯೆ 61790-12-3ಕ್ಕೂ ಸಲ್ಲುವುದಿಲ್ಲ.

ದಾಸ್ತಾನು ಮತ್ತು ಸಾಗಣೆ

ಟ್ಯಾಂಕು ಸ್ಟೇನ್‌ಲೆಸ್ ಅಥವಾ ಒಳಲೇಪನದ್ದು, ಮೇಲೆ ನೈಟ್ರೋಜನ್, ಉಷ್ಣತೆ 20ರಿಂದ 40 ಡಿಗ್ರಿ. ವಾಲ್ವ್‌ನಲ್ಲಿ, ಪಂಪಿನಲ್ಲಿ, ಥರ್ಮಾಮೀಟರ್ ತೋಳಿನಲ್ಲಿ ಎಲ್ಲೂ ತಾಮ್ರ, ಹಿತ್ತಾಳೆ, ಕಂಚು ಇರಬಾರದು. ಅತ್ಯಲ್ಪ ತಾಮ್ರವೂ ಉತ್ಕರ್ಷಣ ವೇಗಗೊಳಿಸಿ ಬಣ್ಣ ಕೆಡಿಸುತ್ತದೆ. ಮೂರು ತಿಂಗಳಿಗೊಮ್ಮೆ ಬಣ್ಣ ಮತ್ತು ಪೆರಾಕ್ಸೈಡ್ ವ್ಯಾಲ್ಯೂ ಅಳೆಯಿರಿ.

ಚಳಿಯಲ್ಲಿ ನಿಂತ ಡ್ರಮ್ಮು, ಟ್ಯಾಂಕರ್ ತಳದಲ್ಲಿ ಮೊದಲು ಇಳಿಯುವುದು ಪರ್ಯಾಪ್ತ ಆಮ್ಲದ ಹರಳು. ಹಾಗೇ ಪಂಪ್ ಮಾಡಿದರೆ ಒಂದು ಪಾತ್ರೆಗೆ ತಿಳಿ, ಇನ್ನೊಂದಕ್ಕೆ ಮಂಜು ಹೋಗುತ್ತದೆ, ದೂರು ಬರುತ್ತದೆ. ಬೆಚ್ಚನೆ ನೀರಿನ ಕಾಯಿಲ್‌ನಿಂದ 35–40 ಡಿಗ್ರಿಗೆ ತಂದು, ಪೂರ್ತಿ ಕಲಕಿ, ಆಮೇಲೆ ಇಳಿಸಿ. ಅವಸರಕ್ಕೆ ಹಬೆ ಕಾಯಿಲ್ ಬಿಟ್ಟರೆ ಕಾಯಿಲ್ ಸುತ್ತಲಿನ ಎಣ್ಣೆ ಸುಟ್ಟು ಕಪ್ಪಾಗುತ್ತದೆ. ಟ್ಯಾಂಕರ್ ತುಂಬುವ ಮೊದಲು ಹಿಂದಿನ ಸರಕು ಏನಿತ್ತು, ತೊಳೆದ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಿ. ಹೋಸ್ ಪೈಪು ಬಿಚ್ಚಿ ಒಳಗೆ ನೋಡಿ. ನೈಸರ್ಗಿಕ ರಬ್ಬರ್ ಗ್ಯಾಸ್ಕೆಟ್ ಉಬ್ಬಿ ಸೋರುತ್ತದೆ, ಟೆಫ್ಲಾನ್ ಎಂದು ಕರೆಯುವ ಪಿಟಿಎಫ್‌ಇ ಬಳಸಿ.

ಚೆಲ್ಲಿದ್ದನ್ನು ಒರೆಸಿದ ಬಟ್ಟೆಯನ್ನು ಮೂಲೆಗೆ ಎಸೆಯಬೇಡಿ. ಲಿನೋಲೆಯಿಕ್ ಹೆಚ್ಚಿರುವ ಎಣ್ಣೆ ಬಟ್ಟೆಯ ಮೇಲೆ ತೆಳುವಾಗಿ ಹರಡಿದಾಗ ಗಾಳಿಯೊಂದಿಗೆ ವರ್ತಿಸಿ ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಪೈಪಿನ ಶಾಖನಿರೋಧಕ ಹೊದಿಕೆಯೊಳಗೆ ಇಂಗಿದ ಎಣ್ಣೆಗೂ ಇದೇ ಗತಿ, ಅಲ್ಲಿ ಹೊಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಬಟ್ಟೆಯನ್ನು ನೀರಿರುವ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ. ಸೋರಿಕೆಯಾದ ಫ್ಲೇಂಜಿನ ಸುತ್ತಲಿನ ಹೊದಿಕೆಯನ್ನು ಒಣಗಿತೆಂದು ಬಿಡದೆ ಅದೇ ಪಾಳಿಯಲ್ಲಿ ಕಿತ್ತು ಹೊಸದು ಹಾಕಿ.